ಮರದ ನೆತ್ತಿಯನ್ನು ನೆಲವೆಂದ ನಕ್ಷೆ

ಚಾನ್‌ಪಿಚ್
ಫೆಬ್ರವರಿ 12, 2018

ನಿಡಿಯಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ವಿಷಯ.

ಶನಿವಾರ ಎಹಿದೋ ಕಚೇರಿಯ, ಅದೇ ಊರೊಟ್ಟಿನ ಜಮೀನಿನ ಕಚೇರಿಯ, ಗೋಡೆಗೆ ನಕ್ಷೆಯೊಂದನ್ನು ಅಂಟಿಸಿದ್ದಾರೆ. ನಮ್ಮ ಊರೊಟ್ಟಿನ ಕಾಡು, ಊರಿಂದ ಬಡಗಣ ಗಡಿಯವರೆಗೆ. ಅದರ ಮೇಲೆ ನೀಲಿ ಗೆರೆಗಳು, ಬಾಚಣಿಗೆಯ ಹಲ್ಲಿನ ಹಾಗೆ, ಒಂದೂ ಸೊಟ್ಟಗಿಲ್ಲ. ಸೌರ ಫಲಕಗಳ ಸಾಲಂತೆ. ಮೆರಿಡಾದ ಪತ್ರಿಕೆಯಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿದವನು ನಾನು. ಎಲ್ಲರೂ ದಪ್ಪಕ್ಷರ ಓದುತ್ತಾರೆ, ನಾನು ಮೊದಲು ಮೂಲೆ ಓದುತ್ತೇನೆ. ಬಲಮೂಲೆಯಲ್ಲಿ ಇರುವೆ ಗಾತ್ರದಲ್ಲಿ ಹೀಗಿತ್ತು: ‘ವಿನ್ಯಾಸ: ನಿ. ತ್ಸುಕ್.’

ನಿನ್ನಪ್ಪ ಅಲ್ಲೇ ನಿಂತಿದ್ದ. ಸಭೆಯ ಅಧ್ಯಕ್ಷನಲ್ಲವೇ, ಎದೆ ಉಬ್ಬಿಸಿಕೊಂಡು ನಿಂತಿದ್ದ.

‘ನೋಡು ಕೊಂಪಾದ್ರೆ, ನಿನ್ನ ಧರ್ಮಪುತ್ರಿ ಇಡೀ ಊರನ್ನೇ ಬರೆದಿದಾಳೆ.’

‘ಊರು ಬರೆದಿದಾಳೆ ಬಾರ್ತೊಲೊ. ಕುಳಿಗಳೆಲ್ಲಿ?’

‘ಕುಳಿಗೇನಾಯ್ತು? ಅವು ಇದ್ದಲ್ಲೇ ಇರ್ತವೆ. ನಕ್ಷೇಲಿಲ್ಲ ಅಂತ ಎದ್ದು ಹೋಗ್ತಾವಾ?’

ಹಿಂದೆ ನಿಂತಿದ್ದ ಡೋನ್ಯಾ ಲಾಂಡಿ ಸುಮ್ಮನಿರುವ ಹೆಂಗಸೇ? ‘ಹಂಗಾದ್ರೆ ನಿನ್ನೂ ಒಂದ್ಸಲ ಸದಸ್ಯರ ಪಟ್ಟಿಯಿಂದ ಬಿಡ್ಸಿ ನೋಡಣ. ಆಮೇಲೂ ಇದ್ದಲ್ಲೇ ಇರ್ತೀಯೋ ಏನೋ.’

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕಲ್ಲಿನ ಮೇಲೆ ಒಂದು ಗೇಣು ಮಣ್ಣಿರುವ ಊರಿದು. ಕಪ್ಪು ಮಣ್ಣು, ತಂಪು, ಬಾಳೆ, ಕೋಕೋ, ಮಮೇ ಹಣ್ಣು ಏನಿದ್ದರೂ ಆ ಕುಳಿಗಳ ತಳದಲ್ಲಿ. ಹೊಳೆ ಕಾಣದ ನಾಡಿನಲ್ಲಿ ಮಳೆ ನೆಲದೊಳಗಿನ ನೀರಿಗೆ ಇಳಿಯುವುದೂ ಅಲ್ಲಿಂದಲೇ. ಏಳು ವರ್ಷದವಳಿದ್ದಾಗ ಬಾವಲಿ ಕುಳಿಗೆ ಜಾರಿ ಬಿದ್ದವಳು ನೀನು. ಹಗ್ಗ ಬಿಟ್ಟು ಎತ್ತಿದವನು ನಾನು. ನಿನ್ನ ಹೆಟ್ಸ್‌ಮೆಕ್ ಶಾಸ್ತ್ರದ ದಿನ ಮೊದಲ ಸಲ ಸೊಂಟದ ಮೇಲೆ ಕೂರಿಸಿಕೊಂಡು ಮೇಜಿನ ಸುತ್ತ ಒಂಬತ್ತು ಸುತ್ತು ಬಂದು ನಿನ್ನ ಕೈಗೆ ಪೆನ್ಸಿಲು ಕೊಟ್ಟು ನಿನ್ನ ಪದ್ರೀನೊ, ಧರ್ಮಪಿತ, ಆದವನೂ ನಾನೇ. ಹಾಗಾಗಿ ಕೇಳುವ ಹಕ್ಕಿದೆ: ಮರೆತೆಯೋ, ಮರೆ ಎಂದರೋ?

ಎಪ್ಪತ್ತೆರಡನೇ ಇಸವಿಯಲ್ಲಿ ಸರ್ಕಾರದ ಎಂಜಿನಿಯರನೊಬ್ಬ ಇಲ್ಲಿ ದನಕ್ಕೆ ಹುಲ್ಲುಗಾವಲು ಮಾಡಿಸಲು ಬಂದಿದ್ದ. ಅವನ ಕೈಯಲ್ಲೂ ನಕ್ಷೆಯಿತ್ತು, ಅದೂ ಚಪ್ಪಟೆ. ಮೂರನೇ ದಿನ ಬುಲ್ಡೋಜರು ಮೂತಿ ಅಡಿಯಾಗಿ ಕುಳಿಯೊಳಗೆ ಹೋಯಿತು. ಆಗ ನಾವು ನಕ್ಕಿದ್ದೆವು. ಅವನು ನಮ್ಮವನಾಗಿರಲಿಲ್ಲ.

ಗಾಸ್ಪಾರ್ ಉಯಿಕಬ್

*

ಮೆರಿಡಾ
ಫೆಬ್ರವರಿ 27

ಪ್ರೀತಿಯ ಪದ್ರೀನೊ ಅವರಿಗೆ,

ಫೋನಿದ್ದೂ ಕಾಗದ ಬರೆಯುವವರು ನೀವೊಬ್ಬರೇ. ಫೋನಿನಲ್ಲಾದರೆ ನಾನು ಬೇರೆ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅದಕ್ಕೇ ಬರೆದಿದ್ದೀರಿ, ಗೊತ್ತು.

ಮರೆತಿಲ್ಲ. ಯಾರೂ ಮರೆ ಎಂದೂ ಹೇಳಿಲ್ಲ. ನನ್ನ ಕೆಲಸ ಹೇಗೆಂದು ತಿಳಿಸುತ್ತೇನೆ, ಆಮೇಲೆ ಬೈಯಿರಿ. ಉಪಗ್ರಹ ಮೇಲಿಂದ ನೆಲದ ಎತ್ತರ ಅಳೆದಿಟ್ಟಿರುತ್ತದೆ. ಮೂವತ್ತು ಮೀಟರಿಗೊಂದು ಚೌಕ, ಒಂದೊಂದಕ್ಕೂ ಒಂದೇ ಎತ್ತರ. ಆ ಅಂಕಿಗಳನ್ನು ಕಂಪ್ಯೂಟರಿಗೆ ಕೊಡುತ್ತೇನೆ. ಇಳಿಜಾರು ಜಾಸ್ತಿಯಿದ್ದ ಕಡೆ ಅದು ಕೆಂಪು ಬಳಿಯುತ್ತದೆ, ಸಮವಿದ್ದ ಕಡೆ ಹಸಿರು. ಹಸಿರಿನ ಮೇಲೆ ಫಲಕಗಳ ಸಾಲನ್ನು ತಾನೇ ಹಾಸಿಕೊಂಡು ಹೋಗುತ್ತದೆ. ನಮ್ಮೂರಿನ ಕಾಡು ಅಷ್ಟಕ್ಕಷ್ಟೂ ಹಸಿರಾಗಿ ಬಂತು.

ಹುಡುಕಿದೆ ಪದ್ರೀನೊ. ಬಾವಲಿ ಕುಳಿ ಇರಬೇಕಾದ ಜಾಗವನ್ನು ಎಷ್ಟು ದೊಡ್ಡದು ಮಾಡಲು ಬರುತ್ತದೋ ಅಷ್ಟು ಮಾಡಿ ನೋಡಿದೆ. ಪಕ್ಕದ ಚೌಕಕ್ಕೂ ಅದಕ್ಕೂ ಅರ್ಧ ಮೀಟರ್ ವ್ಯತ್ಯಾಸ. ಪಕ್ಕದ ಮೇಜಿನವನನ್ನು ಕರೆದು, ‘ಇಲ್ಲೊಂದು ದೊಡ್ಡ ತಗ್ಗಿದೆ, ಚಿಕ್ಕವಳಿದ್ದಾಗ ಬಿದ್ದಿದ್ದೆ’ ಅಂದೆ. ಅವನು ಪರದೆ ನೋಡಿದ, ನನ್ನ ನೋಡಿದ. ‘ಚಿಕ್ಕವರಿದ್ದಾಗ ನಮ್ಮನೆ ಬಚ್ಚಲೂ ಸಮುದ್ರ ಕಣೇ’ ಅಂದ. ಇದ್ದರೂ ಇರಬಹುದು ಎಂದುಕೊಂಡೆ. ನಾನೇ ದೊಡ್ಡದು ಮಾಡಿ ನೆನಪಿಟ್ಟುಕೊಂಡಿದ್ದೇನೆ ಎಂದುಕೊಂಡೆ. ನಾಚಿಕೆಯ ಮಾತು, ಆದರೂ ಬರೆಯುತ್ತಿದ್ದೇನೆ.

ಮೂಲೆಯ ಹೆಸರಿಗೆ ಬೈದಿದ್ದೀರಿ. ಇಲ್ಲಿ ನಕ್ಷೆ ಬರೆದವರ ಹೆಸರು ಹಾಕುವುದಿಲ್ಲ, ಮೇಲಿನವರದೇ ಹಾಕುವುದು. ನನ್ನದು ಬಂದದ್ದು ಆರು ವರ್ಷದಲ್ಲಿ ಇದೇ ಮೊದಲು. ಅಮ್ಮ ಅದರ ಫೋಟೊ ತೆಗೆಸಿಕೊಂಡಿದ್ದಾಳಂತೆ.

ನಿಮ್ಮ ಧರ್ಮಪುತ್ರಿ,
ನಿಡಿಯಾ

*

ಚಾನ್‌ಪಿಚ್
ಮಾರ್ಚ್ 19

ಮಗಳೇ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಸುಳ್ಳಿಲ್ಲ ಅನ್ನಿಸಿತು. ಹಾಗಾದರೆ ತಪ್ಪು ಎಲ್ಲಿ ಹೊಕ್ಕಿತು ಎಂದು ಹುಡುಕಬೇಕಲ್ಲ, ಅದು ನನ್ನ ಕಸುಬು.

ಮೊನ್ನೆ ನೀರಿನ ಟ್ಯಾಂಕು ಹತ್ತಿದೆ. ಎಪ್ಪತ್ತನಾಲ್ಕರ ಮುದುಕ ಏಣಿ ಹತ್ತುವುದನ್ನು ನೋಡಲು ಅರ್ಧ ಊರು ಸೇರಿತ್ತು. ಜೇನು ಸಾಕುವ ಲಿಂಬರ್ ಪೋಟ್ ಕೆಳಗಿಂದ ಕೂಗಿದ, ‘ಡೋನ್ ಗಾಸ್ಪಾರ್, ಮೇಲೆ ಯಾರಾದ್ರೂ ವಿಧವೆ ಇದಾಳಾ?’ ‘ನಿನ್ನತ್ತೆ ಇದಾಳೆ, ಬಾ’ ಅಂದೆ.

ಮೇಲೆ ನಿಂತು ಬಡಗಣ ದಿಕ್ಕಿಗೆ ನೋಡಿದೆ. ಏನು ಕಂಡಿತು ಗೊತ್ತೆ? ಚಪ್ಪಟೆ. ನಿನ್ನ ಹಸಿರು ನಕ್ಷೆಯೇ. ಒಂದು ಕುಳಿಯೂ ಕಾಣಲಿಲ್ಲ. ಹುಟ್ಟಿದಾಗಿನಿಂದ ಆ ಕುಳಿಗಳಲ್ಲಿ ಇಳಿದು ಹತ್ತಿದವನ ಕಣ್ಣಿಗೂ ಕಾಣಲಿಲ್ಲ. ಬಹಳ ಹೊತ್ತು ಅಲ್ಲೇ ಕೂತೆ. ಆಮೇಲೆ ಹೊಳೆಯಿತು. ಮೇಲೆ ಕಲ್ಲುನೆಲದ ಮರಗಳು ಗಿಡ್ಡ, ಎರಡಾಳೆತ್ತರಕ್ಕೇ ಸುಸ್ತಾಗುತ್ತವೆ. ಕುಳಿಯ ತಳದಲ್ಲಿ ಮಣ್ಣಿದೆ, ನೀರಿದೆ, ಆದರೆ ಬಿಸಿಲಿಲ್ಲ. ಅಲ್ಲಿನ ರಾಮೋನ್ ಮರಗಳು ಬಿಸಿಲು ಸಿಗುವತನಕ ಬೆಳೆಯುತ್ತವೆ. ಸಿಗುವುದು ಎಲ್ಲಿ? ಮಿಕ್ಕ ಮರಗಳ ನೆತ್ತಿಯ ಮಟ್ಟದಲ್ಲಿ. ಅಲ್ಲಿಗೆ ನಿಲ್ಲುತ್ತವೆ.

ನಿನ್ನ ಉಪಗ್ರಹ ನೆಲ ಅಳೆದಿಲ್ಲ, ನಿಡಿಯಾ. ತಲೆಗಳನ್ನು ಎಣಿಸಿದೆ. ಎಲೆ ಕಂಡಿದೆ, ನೆಲ ಎಂದಿದೆ.

ಬರಿಮಾತು ನಿನ್ನ ಕಚೇರಿಯಲ್ಲಿ ನಡೆಯುವುದಿಲ್ಲ ಎಂದು ಗೊತ್ತು. ಅದಕ್ಕೇ ಹಗ್ಗಕ್ಕೆ ಗಂಟು ಹಾಕಿಕೊಂಡು ಲಿಂಬರ್ ಜೊತೆ ಎಂಟು ದಿನ ಸುತ್ತಿದೆ. ಹತ್ತೊಂಬತ್ತು ಕುಳಿ ಅಳೆದೆವು. ಹೆಸರು, ಆಳ, ಬಾಯಿಯ ಅಗಲ, ತಳದಲ್ಲಿ ಏನಿದೆ, ಯಾವ ಮನೆಯವರು ನೋಡಿಕೊಳ್ಳುತ್ತಾರೆ ಎಲ್ಲ ಜೊತೆಗಿಟ್ಟಿರುವ ಹಾಳೆಯಲ್ಲಿದೆ. ಬಾವಲಿ ಕುಳಿ ಹನ್ನೊಂದು ಮೀಟರು. ನಿನ್ನ ನೆನಪು ದೊಡ್ಡದು ಮಾಡಿಲ್ಲ, ಒಂದಿಷ್ಟು ಚಿಕ್ಕದೇ ಮಾಡಿದೆ.

ಮೇ ಇಪ್ಪತ್ತಕ್ಕೆ ಸಭೆ. ಜಮೀನನ್ನು ಮೂವತ್ತು ವರ್ಷಕ್ಕೆ ಗುತ್ತಿಗೆ ಕೊಡುವುದೋ ಬೇಡವೋ ಎಂದು ಅವತ್ತು ಕೈಯೆತ್ತಬೇಕು. ಅಷ್ಟರೊಳಗೆ ಆ ಗೋಡೆಯ ಮೇಲೆ ಸರಿಯಾದ ನಕ್ಷೆ ಇರಬೇಕು. ಫಲಕ ಬೇಡ ಎಂದು ನಾನು ಹೇಳುತ್ತಿಲ್ಲ. ಊರಿನ ಹುಡುಗರೆಲ್ಲ ಕಾನ್ಕುನ್‌ನ ಹೋಟೆಲುಗಳಲ್ಲಿ ತಟ್ಟೆ ಎತ್ತುತ್ತಿದ್ದಾರೆ, ನಿನ್ನಪ್ಪನ ಸಂಕಟ ನನಗೂ ಅರ್ಥವಾಗುತ್ತದೆ. ಇರುವುದನ್ನು ಇದೆ ಎಂದು ಬರೆಯಿರಿ, ಇಷ್ಟೇ.

ಪದ್ರೀನೊ

*

ಮೆರಿಡಾ
ಏಪ್ರಿಲ್ 16

ಪದ್ರೀನೊ,

ನಿಮ್ಮ ಹಾಳೆಯನ್ನು ಮೇಲಿನವರ ಮೇಜಿನ ಮೇಲಿಟ್ಟೆ. ‘ಯಾರಿವರು?’ ಎಂದು ಕೇಳಿದರು. ‘ನಮ್ಮೂರಿನ ಹಿರಿಯರು, ಹಗ್ಗ ಹಿಡಿದು ಅಳೆದಿದ್ದಾರೆ’ ಅಂದೆ. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಹನ್ನೊಂದು ಮೀಟರ್ ಎನ್ನುವ ಕಡೆ ಬೆರಳಿಟ್ಟು, ‘ಇದು ನಿಜವಾದರೆ ನಮ್ಮ ಯಂತ್ರ ಇದರೊಳಗೆ ಹೋಗುತ್ತಿತ್ತು’ ಎಂದರು.

ಮುಂದಿನ ವಾರವೇ ಡ್ರೋನ್ ಕಳಿಸಿದರು. ನೀವು ನೋಡಿರಬೇಕು, ಲಿಂಬರ್ ಅದಕ್ಕೆ ಕಲ್ಲು ಬೀರಿದನಂತೆ. ಅದರಲ್ಲಿ ಲೇಸರ್ ಇರುತ್ತದೆ. ಲಕ್ಷಾಂತರ ಕಿರಣ ಬಿಡುತ್ತದೆ. ಹೆಚ್ಚಿನವು ಎಲೆಗೆ ತಾಗಿ ವಾಪಸಾಗುತ್ತವೆ, ಒಂದಷ್ಟು ಎಲೆಗಳ ಸಂದಿಯಿಂದ ನೆಲ ಮುಟ್ಟುತ್ತವೆ. ಎಲೆಯವನ್ನೆಲ್ಲ ತೆಗೆದುಹಾಕಿ ನೆಲದವನ್ನು ಮಾತ್ರ ಇಟ್ಟುಕೊಂಡೆ. ಕಾಡು ಪೂರ್ತಿ ಕಳಚಿ ಬಿದ್ದ ಹಾಗಾಯಿತು. ಕೆಳಗೆ ಒಂದೊಂದಾಗಿ ತೆರೆದುಕೊಂಡವು. ನಿಮ್ಮ ಹತ್ತೊಂಬತ್ತೂ ಇವೆ. ಇನ್ನೂ ನಾಲ್ಕಿವೆ, ಬಡಗಣ ಗಡಿಗೆ ಹತ್ತಿರ, ಅವಕ್ಕೆ ಹೆಸರಿದೆಯೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಹಗ್ಗದ ಲೆಕ್ಕಕ್ಕೂ ಲೇಸರಿಗೂ ಎಲ್ಲೂ ಒಂದು ಗೇಣಿಗಿಂತ ಹೆಚ್ಚು ವ್ಯತ್ಯಾಸವಿಲ್ಲ. ಪಕ್ಕದ ಮೇಜಿನವನು ಎದ್ದು ಬಂದು ನಿಂತು ನೋಡಿದ. ಬಚ್ಚಲಿನ ಮಾತು ಆಡಲಿಲ್ಲ.

ಸಾಲುಗಳನ್ನು ಮತ್ತೆ ಹಾಕುತ್ತಿದ್ದೇನೆ. ಕುಳಿಯ ಬಾಯಿಯಿಂದ ಹದಿನೈದು ಮೀಟರ್ ಬಿಟ್ಟು, ಸುತ್ತಿಕೊಂಡು ಹೋಗುವ ಹಾಗೆ. ಒಂದೊಂದಕ್ಕೂ ಹೆಸರು ಬರೆಯುತ್ತಿದ್ದೇನೆ, ಆ ನಾಲ್ಕರದ್ದು ಗೊತ್ತಿದ್ದರೆ ತಿಳಿಸಿ. ಫಲಕ ಕಡಿಮೆಯಾಗುತ್ತವೆ, ಆದರೂ ಒಪ್ಪಿದ್ದಾರೆ.

ಈ ಕೆಲಸಕ್ಕೆ ಸೇರಿದ ಮೇಲೆ ಇಷ್ಟು ಖುಷಿಯಾದ ದಿನ ಇನ್ನೊಂದಿಲ್ಲ.

ನಿಡಿಯಾ

*

ಚಾನ್‌ಪಿಚ್
ಮೇ 21

ಮಗಳೇ,

ನಿನ್ನೆ ಸಭೆ ಮುಗಿಯಿತು. ನಿನ್ನ ಎರಡನೇ ನಕ್ಷೆಯನ್ನು ಬಿಳಿ ಬಟ್ಟೆಗೆ ಪಿನ್ನು ಚುಚ್ಚಿ ತೂಗುಹಾಕಿದ್ದರು. ಇಪ್ಪತ್ತಮೂರು ದುಂಡು ಕುಳಿ, ಪಕ್ಕಕ್ಕೆ ಹೆಸರು. ಜನ ಕುರ್ಚಿ ಬಿಟ್ಟು ಎದ್ದು ಹೋಗಿ ತಮ್ಮ ತಮ್ಮ ಕುಳಿಯ ಮೇಲೆ ಬೆರಳಿಟ್ಟು ನೋಡಿದರು. ಡೋನ್ಯಾ ಲಾಂಡಿ ಹೆಬ್ಬೆರಳಿಟ್ಟು, ‘ಇಲ್ಲೇ ನನ್ನ ಬಾಳೆ, ಸ್ವಲ್ಪ ಎಡಕ್ಕೆ ಬಿದ್ದಿದೆ, ಅಡ್ಡಿಯಿಲ್ಲ’ ಅಂದಳು.

ನಿಮ್ಮ ಕಂಪನಿಯವರು ಮಾತಾಡಿದರು, ಕರಾರನ್ನು ಓದಿದರು. ಒಂದು ಗಂಟೆಯಾಯಿತು, ಬಿಸಿಲು, ಎಲ್ಲರಿಗೂ ಹಸಿವು. ಆಮೇಲೆ ನಿನ್ನಪ್ಪ ನನ್ನ ಕಡೆ ತಿರುಗಿ, ‘ಕೊಂಪಾದ್ರೆ, ಮೊದಲನೇದ್ರಲ್ಲಿ ತಪ್ಪು ಹಿಡ್ದೋನು ನೀನು. ಇದ್ರಲ್ಲಿ ಏನಾದ್ರೂ ಇದೆಯಾ?’ ಎಂದ.

ಎದ್ದು ನಿಂತೆ. ‘ಪೂರ್ತಿ ಓದಿದೀನಿ. ತಪ್ಪಿಲ್ಲ’ ಅಂದೆ.

ತೊಂಬತ್ತಾರು ಜನರಲ್ಲಿ ಎಪ್ಪತ್ತೊಂದು ಕೈ ಎದ್ದವು. ನನ್ನದೂ ಎದ್ದಿತು. ಹೊರಗೆ ಬಂದಾಗ ಲಿಂಬರ್, ‘ನೀವು ಸರಿ ಅಂದ ಮೇಲೆ ಇನ್ನೇನು ಡೋನ್, ಕೈ ಎತ್ತಿಬಿಟ್ಟೆ’ ಎಂದ. ಅವನು ಅಲ್ಲಿಯವರೆಗೂ ಬೇಡ ಎನ್ನುವ ಕಡೆ ಇದ್ದವನು.

ನಿನ್ನ ಹೆಸರು ಈ ಸಲ ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಿತ್ತು.

ಪದ್ರೀನೊ

*

ಚಾನ್‌ಪಿಚ್
ಜುಲೈ 9

ನಿಡಿಯಾ,

ಇದು ಮೂರನೆಯ ಕಾಗದ. ಹಿಂದಿನೆರಡಕ್ಕೆ ಉತ್ತರವಿಲ್ಲ. ನಿಮ್ಮಮ್ಮನ ಫೋನಿಗೆ ನಗುಮುಖದ ಚಿತ್ರ ಕಳಿಸುತ್ತೀಯಂತೆ, ಅಂದರೆ ಕೈ ಸರಿಯಿದೆ.

ಹಳದಿ ಯಂತ್ರಗಳು ಬಂದು ಬೇಸ್‌ಬಾಲ್ ಮೈದಾನದಲ್ಲಿ ನಿಂತಿವೆ. ಓಡಿಸುವವನೊಬ್ಬನನ್ನು ಮಾತಾಡಿಸಿದೆ. ತಬಾಸ್ಕೊ ಕಡೆಯ ಒಳ್ಳೆಯ ಹುಡುಗ. ‘ತಾತ, ನಮಗೆ ಕೊಟ್ಟಿರೋ ಕಾಗದದಲ್ಲಿ ಕುಳಿ ಅಂತ ಏನೂ ಇಲ್ಲ, ತುಂಬೋ ಜಾಗ ಅಂತಿದೆ’ ಎಂದ. ನಾನು ಕಾಗದ ತೋರಿಸು ಅಂದೆ. ತೋರಿಸಿದ.

ಇಪ್ಪತ್ತಮೂರು ದುಂಡುಗಳೂ ಇವೆ. ಹೆಸರುಗಳಿಲ್ಲ. ಹೆಸರಿದ್ದ ಜಾಗದಲ್ಲಿ ಒಂದೊಂದು ಅಂಕಿ ಇದೆ. ಅದೇನು?

ಗಾ. ಉ.

*

ಮೆರಿಡಾ
ಆಗಸ್ಟ್ 3

ಪದ್ರೀನೊ,

ಅಂಕಿ ಎಂದರೆ ಒಂದೊಂದು ಕುಳಿಗೆ ಎಷ್ಟು ಘನ ಮೀಟರ್ ಕಲ್ಲುಮಣ್ಣು ಬೇಕು ಎಂಬುದು.

ಎರಡು ತಿಂಗಳಿಂದ ಈ ಒಂದು ವಾಕ್ಯ ಬರೆಯಲು ಆಗಿರಲಿಲ್ಲ. ಈಗ ಮಿಕ್ಕಿದ್ದು ಬರೆಯುತ್ತೇನೆ.

ನಮ್ಮ ಸಾಫ್ಟ್‌ವೇರಿನಲ್ಲಿ ಇನ್ನೊಂದು ಹಂತವಿದೆ. ಉಬ್ಬು ಎಷ್ಟು ಕಡಿದರೆ ತಗ್ಗು ಎಷ್ಟು ತುಂಬುತ್ತದೆ ಎಂದು ತೂಗಿ ನೋಡುವುದು. ಮೊದಲು ಇದನ್ನು ಮಾಡಿರಲಿಲ್ಲ, ಏಕೆಂದರೆ ತಗ್ಗೇ ಇರಲಿಲ್ಲ. ಸಭೆಯಾದ ಹತ್ತನೇ ದಿನ ಮೇಲಿನವರು, ‘ಈಗ ನಿಜವಾದ ನೆಲ ಗೊತ್ತಿದೆಯಲ್ಲ, ಒಂದು ಸಲ ತೂಗಿ ನೋಡು’ ಎಂದರು. ಒತ್ತಿದೆ. ನಾಲ್ಕು ನಿಮಿಷ. ಸಾಲುಗಳನ್ನು ಬಳಸುದಾರಿಯಲ್ಲಿ ಎಳೆಯುವುದಕ್ಕಿಂತ ಪಕ್ಕದ ದಿಬ್ಬದ ಕಲ್ಲನ್ನೇ ಒಡೆದು ಕುಳಿಗೆ ಹಾಕಿ ನೇರವಾಗಿ ಎಳೆಯುವುದೇ ಸಲೀಸು ಎಂದು ಬಂತು. ಕುಳಿಗಳು ಎಲ್ಲಿವೆ, ಎಷ್ಟು ಆಳ ಎಂಬುದು ಬೆರಳಗಲದಷ್ಟು ಖಚಿತವಾಗಿ ಗೊತ್ತಿದ್ದದ್ದರಿಂದಲೇ ಅದು ಲೆಕ್ಕ ಹಾಕಲು ಸಾಧ್ಯವಾಯಿತು. ಮೊದಲಿನ ತಪ್ಪು ನಕ್ಷೆಯೇ ಇದ್ದಿದ್ದರೆ ಯಂತ್ರ ಮೊದಲ ಕುಳಿಯಲ್ಲೇ ಬೀಳುತ್ತಿತ್ತು, ಕೆಲಸ ನಿಲ್ಲುತ್ತಿತ್ತು, ಮತ್ತೆ ಸಭೆ ಸೇರಬೇಕಾಗುತ್ತಿತ್ತು.

‘ಊರಿನವರಿಗೆ ಎರಡನೇ ನಕ್ಷೆ ತೋರಿಸಿದ್ದೇವಲ್ಲ’ ಅಂದೆ. ಕರಾರಿನ ಒಂಬತ್ತನೇ ಪುಟ ತೆಗೆದು ತೋರಿಸಿದರು. ‘ನೆಲದ ಸ್ಥಿತಿಗೆ ತಕ್ಕಂತೆ ಅಂತಿಮ ವಿನ್ಯಾಸ ಬದಲಾಗಬಹುದು.’ ಸಭೆಯಲ್ಲಿ ಓದಿದ್ದಾರಂತೆ. ನೀವೂ ಕೇಳಿಸಿಕೊಂಡಿದ್ದೀರಂತೆ.

ಮೂರನೇ ನಕ್ಷೆಗೆ ಇನ್ನೂ ಸಹಿ ಹಾಕಿಲ್ಲ, ನೀವು ನೋಡಿದ್ದು ಅದರ ಕರಡು. ಮೇಜಿನ ಮೇಲಿದೆ. ಏನು ಮಾಡಲಿ ಎಂದು ನಿಮ್ಮನ್ನು ಕೇಳುವ ಧೈರ್ಯವಿಲ್ಲ, ಅದಕ್ಕೇ ಕೇಳುತ್ತಿಲ್ಲ.

ನಿಡಿಯಾ

*

ಚಾನ್‌ಪಿಚ್
ಆಗಸ್ಟ್ 13

ಮಗಳೇ,

ಕೇಳಿಸಿಕೊಂಡಿದ್ದೆ. ನಿಜ. ಹಸಿದಿದ್ದೆ, ಬೆವರುತ್ತಿದ್ದೆ, ಒಂಬತ್ತನೇ ಪುಟ ಕಿವಿಯ ಪಕ್ಕದಲ್ಲಿ ಹಾದುಹೋಯಿತು. ನನ್ನ ಕಣ್ಣು ನಕ್ಷೆಯ ಮೇಲಿತ್ತು, ನಾನು ಹಿಡಿದ ತಪ್ಪು ತಿದ್ದಿಕೊಂಡು ಬಂದು ಅಷ್ಟು ಚೆಂದವಾಗಿ ತೂಗಾಡುತ್ತಿತ್ತು. ತಾನು ಹಾಕಿದ ತಿದ್ದುಗೆರೆಯನ್ನು ಮೆಚ್ಚುತ್ತ ಕೂತವನು ಮುಂದಿನ ಸಾಲಿನ ತಪ್ಪನ್ನು ಬಿಟ್ಟೇ ಬಿಡುತ್ತಾನೆ ಎಂದು ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ.

ಬಾವಲಿ ಕುಳಿ ಮಂಗಳವಾರ ತುಂಬಿಹೋಯಿತು. ಮೊದಲು ಮರ ಬೀಳಿಸಿದರು. ಬಾವಲಿಗಳು ಹಗಲಿನಲ್ಲೇ ಎದ್ದು ದಿಕ್ಕುತೋಚದೆ ಶಾಲೆಯ ಜಗಲಿಗೆ ಬಂದು ನೇತಾಡಿದವು. ಮಕ್ಕಳಿಗೆ ಮೂರು ದಿನ ರಜೆ ಕೊಟ್ಟಿದ್ದಾರೆ. ಇನ್ನು ಇಪ್ಪತ್ತೆರಡಿವೆ.

ನಮ್ಮ ಪತ್ರಿಕೆಯಲ್ಲಿ ಒಂದು ನಿಯಮವಿತ್ತು. ತಪ್ಪು ಯಾವ ಪುಟದಲ್ಲಿ, ಎಷ್ಟು ದೊಡ್ಡ ಅಕ್ಷರದಲ್ಲಿ ಬಂದಿದೆಯೋ ತಿದ್ದುಪಡಿಯೂ ಅದೇ ಪುಟದಲ್ಲಿ, ಅಷ್ಟೇ ದೊಡ್ಡದಾಗಿ ಬರಬೇಕು. ಅದರಂತೆ ನಿನ್ನೆ ನಿನ್ನಪ್ಪನ ಹತ್ತಿರ ಹೋಗಿ ಸಭೆ ಕರೆಸು ಎಂದೆ. ‘ಯಾಕೆ?’ ಎಂದ. ‘ಎಲ್ಲರ ಮುಂದೆ ತಪ್ಪಿಲ್ಲ ಅಂದಿದ್ದೆ. ಎಲ್ಲರ ಮುಂದೆಯೇ ತಪ್ಪಿತ್ತು ಅನ್ನಬೇಕು’ ಎಂದೆ.

ಅವನು ಹ್ಯಾಟು ತೆಗೆದು ಮೇಜಿನ ಮೇಲಿಟ್ಟ. ‘ನೀನು ಹಂಗಂದ್ರೆ ಜನ ನಿನ್ನ ಬಿಟ್ಟು ನನ್ನ ಮಗಳ ಹೆಸ್ರು ಹಿಡಿದು ಉಗೀತಾರೆ, ಕೊಂಪಾದ್ರೆ. ಮೂಲೇಲಿ ನಿನ್ನ ಹೆಸರಿಲ್ಲ.’

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅದೇ ನನ್ನನ್ನು ತಿನ್ನುತ್ತಿದೆ. ಆದರೂ ಇಪ್ಪತ್ತಾರಕ್ಕೆ ಸಭೆ ಗೊತ್ತು ಮಾಡಿದ್ದಾನೆ. ಮನಸ್ಸಿಲ್ಲದ ಮನಸ್ಸಿನಿಂದ.

ವಯಾದೊಲಿದ್‌ನಲ್ಲಿ ಒಬ್ಬ ವಕೀಲೆಯನ್ನು ಕಂಡೆ. ಊರವರಿಂದ ಹಾಕಿಸಿಕೊಂಡು ಹೋದ ಐವತ್ತೆರಡು ಸಹಿ ಕೊಟ್ಟೆ. ‘ಸಹಿ ಇರಲಿ’ ಎಂದಳು, ‘ಆದರೆ ಗೋಡೆಯ ಮೇಲೆ ಏನು ತೂಗುತ್ತಿತ್ತು ಎನ್ನುವುದಕ್ಕೆ ನಿಮ್ಮಲ್ಲಿ ಇರುವುದು ಫೋಟೊ ಮಾತ್ರ. ಈ ಕುಳಿಗಳನ್ನು ಉಳಿಸುತ್ತೇವೆ ಎಂದು ತೋರಿಸಿಯೇ ಕೈ ಎತ್ತಿಸಿದರು ಎಂದು ಬರೆದವರೇ ಬಂದು ಹೇಳಬೇಕು. ಆ ಮಾತು ನಡಾವಳಿ ಪುಸ್ತಕಕ್ಕೆ ಏರಬೇಕು. ಆಗ ಕೆಲಸ ನಿಲ್ಲಿಸಲು ನ್ಯಾಯಾಲಯವನ್ನು ಕೇಳಬಹುದು.’

ನಿನ್ನನ್ನು ಕೇಳಬಾರದು ಎಂದುಕೊಂಡೇ ಈ ಕಾಗದ ಶುರು ಮಾಡಿದೆ. ಈಗ ಕೇಳುತ್ತಿದ್ದೇನೆ. ಬಂದರೆ ನಿನ್ನ ಕೆಲಸ ಹೋಗುತ್ತದೆ, ನಿನ್ನಪ್ಪ ನನ್ನ ಮುಖ ನೋಡುವುದಿಲ್ಲ. ಅಷ್ಟು ಗೊತ್ತಿದ್ದೂ ಕೇಳುತ್ತಿದ್ದೇನೆ. ನೀನು ಇನ್ನೂ ಸಹಿ ಹಾಕದ ಹೊತ್ತಿನಲ್ಲೇ ಕೇಳುತ್ತಿದ್ದೇನಲ್ಲ ಎಂಬುದೊಂದೇ ಸಮಾಧಾನ.

ಗಾಸ್ಪಾರ್ ಉಯಿಕಬ್

*

ಮೆರಿಡಾ
ಆಗಸ್ಟ್ 21

ಪದ್ರೀನೊ,

ಮೂರನೇ ನಕ್ಷೆಗೆ ಸಹಿ ಹಾಕಿಲ್ಲ ಎಂದು ಬರೆದಿದ್ದೆ. ಬರೆದ ಬೆಳಿಗ್ಗೆ ಅದು ನಿಜವಾಗಿತ್ತು. ಮಧ್ಯಾಹ್ನ ಹಾಕಿದೆ.

ಯಾರೂ ಗದರಲಿಲ್ಲ. ಮೇಲಿನವರು ಕಾಫಿ ತರಿಸಿದರು. ‘ಕುಳಿ ತುಂಬಿದರೆ ಯಾರಿಗೂ ಗಾಯವಾಗುವುದಿಲ್ಲ’ ಎಂದರು. ‘ನನ್ನ ಬದಲು ಬೇರೆಯವರು ಹಾಕಲಿ’ ಅಂದೆ. ‘ಬೇರೆಯವರದು ಹಾಕಿಸುವುದಿದ್ದರೆ ಮೊದಲನೆಯದಕ್ಕೇ ಹಾಕಿಸುತ್ತಿದ್ದೆವು. ತ್ಸುಕ್ ಎಂದಿದ್ದರೆ ನಿಮ್ಮ ಜನ ನಂಬುತ್ತಾರೆ’ ಎಂದರು. ಅಷ್ಟು ಸಹಜವಾಗಿ, ಪೆನ್ನು ಇಲ್ಲಿದೆ ಎನ್ನುವ ಹಾಗೆ. ಆರು ವರ್ಷ ಕಾದು ಬಂದ ಹೆಸರು ಎಂದು ನಿಮಗೆ ಬರೆದಿದ್ದೆನಲ್ಲ. ಅದು ಯಾಕೆ ಬಂತೆಂದು ಆಗ ಗೊತ್ತಾಯಿತು. ಗೊತ್ತಾದ ಮೇಲೂ ಹಾಕಿದೆ. ಎದ್ದು ಬರುವುದು ಹೇಗೆಂದು ತಿಳಿಯಲಿಲ್ಲ, ಕಾಫಿ ಇನ್ನೂ ಅರ್ಧ ಇತ್ತು.

ನೀವು ನನ್ನನ್ನು ಸಹಿ ಹಾಕದವಳು ಎಂದುಕೊಂಡು ಕೇಳಿದ್ದೀರಿ. ಹಾಕಿದವಳು ಬರುತ್ತಿದ್ದಾಳೆ. ನಿಮಗೆ ಬೇಡವಾದರೆ ಲಿಂಬರ್ ಕೈಯಲ್ಲಿ ಹೇಳಿ ಕಳಿಸಿ. ಏನೂ ಹೇಳದಿದ್ದರೆ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಎರಡನೇ ನಕ್ಷೆಯನ್ನೂ ಮೂರನೆಯದನ್ನೂ ತರುತ್ತೇನೆ, ಅಳತೆಯ ಕಡತವನ್ನೂ. ಎರಡನೆಯದನ್ನು ಮಾತ್ರ ತಂದರೆ ವಕೀಲೆಗೆ ಅನುಕೂಲ ಎಂದು ಗೊತ್ತಿದೆ. ಕೇಳಿದರೆ ಎರಡನ್ನೂ ಬಿಚ್ಚುತ್ತೇನೆ. ಕೇಳದಿದ್ದರೂ ಬಿಚ್ಚುತ್ತೇನೆ. ಎರಡರಲ್ಲೂ ನನ್ನ ಹೆಸರಿದೆ.

ಅಪ್ಪನಿಗೆ ನೀವು ಹೇಳಬೇಡಿ. ಇವತ್ತು ನಾನೇ ಫೋನು ಮಾಡಿದೆ. ಕೇಳಿಸಿಕೊಂಡರು. ‘ಮನೇಗೆ ಬಂದು ಊಟ ಮಾಡ್ಕೊಂಡು ಸಭೆಗೆ ಬರ್ತೀಯಾ, ಸೀದಾ ಸಭೆಗೇ ಬರ್ತೀಯಾ?’ ಎಂದಷ್ಟೇ ಕೇಳಿದರು. ಸೀದಾ ಸಭೆಗೆ ಅಂದೆ.

ಮುಂದಿನ ಸಾಲಿನಲ್ಲಿ ಜಾಗ ಇಡಬೇಡಿ. ಅಧ್ಯಕ್ಷರ ಕುರ್ಚಿಯಲ್ಲಿ ಅಪ್ಪನೇ ಇರುತ್ತಾರೆ. ಹೇಳಿಕೆ ಬರೆದುಕೊಳ್ಳುವ ಮೊದಲು ಸಾಕ್ಷಿಯ ಹೆಸರು, ಊರು, ಕಸುಬು ಕೇಳುವುದು ಅವರ ಕೆಲಸ, ನನಗೂ ಕೇಳಲೇಬೇಕು. ಹೆಸರು ಹೇಳುತ್ತೇನೆ. ಊರು ಚಾನ್‌ಪಿಚ್ ಎಂದೇ ಹೇಳುತ್ತೇನೆ, ಬೇಡ ಎನ್ನುವವರು ಎದ್ದು ಬೇಡ ಎನ್ನಲಿ. ಕಸುಬಿನ ಮುಂದೆ ಏನು ಬರೆಸಲಿ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ನಿಡಿಯಾ ತ್ಸುಕ್